ಟೆಲೋಮರೇಸ್ ಬೆನ್ನು ಹತ್ತಿದ ಹನ್ನೊಂದು ವಾರ

ಜೆಲ್ ಮೇಲೆ ಏಣಿ ಕಾಣಿಸಲಿಲ್ಲ. ನನಗೆ ಅದು ಹಬ್ಬದ ದಿನ.

ಟೆಲೋಮರೇಸ್ ಕಿಣ್ವ ವರ್ಣತಂತುವಿನ ತುದಿಗೆ, ಅಂದರೆ ಟೆಲೋಮಿಯರ್‌ಗೆ, ಟಿಟಿಎಜಿಜಿಜಿ ಎಂಬ ಆರು ಡಿಎನ್‌ಎ ಅಕ್ಷರಗಳನ್ನು ಮತ್ತೆ ಮತ್ತೆ ಪೋಣಿಸುತ್ತದೆ. ಬಹುಪಾಲು ಕ್ಯಾನ್ಸರ್ ಕೋಶಗಳು ಇದರ ಬಲದಿಂದಲೇ ನಿಲ್ಲದೆ ವಿಭಜಿಸುತ್ತವೆ; ಅದನ್ನು ತಡೆಯುವ ಮದ್ದು ಹುಡುಕುವುದು ನಮ್ಮ ಕೆಲಸ. ಕೋಶದ ಸಾರವನ್ನು ಈ ಕಿಣ್ವದ ಚಟುವಟಿಕೆ ಅಳೆಯುವ ಟ್ರ್ಯಾಪ್ ಪರೀಕ್ಷೆಗೆ ಒಡ್ಡಿ, ಪಿಸಿಆರ್‌ನಿಂದ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸಿ, ಡಿಎನ್‌ಎಯನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದರೆ 50, 56, 62 ಎಂದು ಆರಾರು ಅಕ್ಷರಗಳ ಅಂತರದಲ್ಲಿ ಏಣಿಯ ಮೆಟ್ಟಿಲುಗಳು ಮೂಡುತ್ತವೆ. ಹೀಲಾ ಎಂಬ ಕ್ಯಾನ್ಸರ್ ಕೋಶಗಳ ಸಾಲಿನಲ್ಲಿ ಅವು ದಟ್ಟವಾಗಿದ್ದವು. ನಮ್ಮ ಹೊಸ ಸಂಯುಕ್ತ ಬೆರೆಸಿದ ಸಾಲು ಖಾಲಿ. ಚಿತ್ರ ಹಿಡಿದುಕೊಂಡು ಮಾರ್ಗದರ್ಶಕರ ಬಳಿಗೆ ಓಡಿದೆ.

“ಮೇಡಂ, ಕಿಣ್ವ ಪೂರ್ತಿ ನಿಂತಿದೆ.”

ಅವರು ಜೆಲ್‌ನ ಕೆಳಭಾಗದ ಮೇಲೆ ಬೆರಳಿಟ್ಟರು. “ಈ 36ರ ಪಟ್ಟಿ ಎಲ್ಲಿ?”

ಟೆಲೋಮರೇಸ್ ಇರಲಿ, ಇಲ್ಲದಿರಲಿ, ಆ ಪಟ್ಟಿ ಎಲ್ಲ ಸಾಲಿನಲ್ಲೂ ಇರಬೇಕು; ಪಿಸಿಆರ್ ಸರಿಯಾಗಿ ನಡೆದಿದೆ ಎನ್ನಲು ಅದೇ ಸಾಕ್ಷಿ. ನಮ್ಮ ಸಂಯುಕ್ತ ಡಿಎನ್‌ಎಯ ಜಿ ಅಕ್ಷರಗಳು ನಾಲ್ಕು ಎಳೆಯಾಗಿ ಮಡಚಿಕೊಂಡ ಜಾಗಕ್ಕೆ ಅಂಟುವ ಜಾತಿಯದು. ಅದು ಪಿಸಿಆರ್ ಅನ್ನೇ ಕಟ್ಟಿಹಾಕಿತ್ತು. ಪಿಸಿಆರ್‌ಗೆ ಮೊದಲು ಡಿಎನ್‌ಎ ಶುದ್ಧಗೊಳಿಸಿ ಸಂಯುಕ್ತವನ್ನು ತೆಗೆದ ಮೇಲೆ ಏಣಿ ಬಹುಪಾಲು ಹಾಗೆಯೇ ಮರಳಿತು. ನಾಲ್ಕು ತಿಂಗಳ ಸಂಯುಕ್ತವನ್ನು ಅಲ್ಲಿಗೇ ಕೈಬಿಟ್ಟೆವು.

ಮುಂದೆ ಬಿಐಬಿಆರ್1532 ತೆಗೆದುಕೊಂಡೆ. ಇದು ಕಿಣ್ವವನ್ನು ನಿಜವಾಗಿ ತಡೆಯುವ ಅಣು ಎಂದು ಮೊದಲೇ ತಿಳಿದಿತ್ತು. ಏಣಿ ಮಸುಕಾಯಿತು, 36ರ ಪಟ್ಟಿ ಉಳಿಯಿತು. ಆದರೆ ಕೋಶಗಳು? ಮೂರು ದಿನ ಬಿಟ್ಟು ಎಣಿಸಿದರೆ ಅಷ್ಟೇ ಸಂಖ್ಯೆ. ಮೂರು ವಾರವಾದರೂ ಅಷ್ಟೇ. ಸುಗ್ಗಿ ನಿಂತರೂ ಕಣಜದಲ್ಲಿ ಕಾಳಿರುವಷ್ಟು ದಿನ ಮನೆ ನಡೆಯುತ್ತದಲ್ಲ, ಹಾಗೆ. ನಮ್ಮ ಕೋಶಗಳ ಟೆಲೋಮಿಯರ್ ಸರಾಸರಿ ನಾಲ್ಕು ಸಾವಿರ ಅಕ್ಷರ ಜೋಡಿಗಳಷ್ಟಿತ್ತು. ಒಂದೊಂದು ವಿಭಜನೆಗೆ ಸವೆಯುತ್ತಿದ್ದುದು ಹತ್ತಾರು ಜೋಡಿ ಮಾತ್ರ.

ವಾರಕ್ಕೆರಡು ಬಾರಿ ಕೋಶಗಳನ್ನು ಹೊಸ ಫ್ಲಾಸ್ಕಿಗೆ ಹಂಚುತ್ತ, ಪ್ರತಿ ಸಲ ಮದ್ದನ್ನು ಹೊಸದಾಗಿ ಹಾಕುತ್ತ ಹೋದೆ. ಮದ್ದಿಲ್ಲದೆ, ಅದನ್ನು ಕರಗಿಸುವ ದ್ರಾವಕ ಡಿಎಂಎಸ್ಒ ಮಾತ್ರ ಹಾಕಿದ ಜೋಡಿ ಫ್ಲಾಸ್ಕೂ ಹೋಲಿಕೆಗೆ ಜೊತೆಗಿತ್ತು. ಯು2ಒಎಸ್ ಎಂಬ ಮೂಳೆ ಕ್ಯಾನ್ಸರ್ ಕೋಶಗಳನ್ನೂ ಇಟ್ಟಿದ್ದೆ. ಇವುಗಳಲ್ಲಿ ಟೆಲೋಮರೇಸ್ ಇಲ್ಲ, ತುದಿಗಳನ್ನು ಬೇರೆ ದಾರಿಯಲ್ಲಿ ಬೆಳೆಸಿಕೊಳ್ಳುತ್ತವೆ. ಅವೂ ಸಾಯತೊಡಗಿದರೆ ಮದ್ದು ಬರೀ ವಿಷವೆಂದೇ ಅರ್ಥ. ಹನ್ನೊಂದನೆಯ ವಾರ ಮದ್ದಿನ ಫ್ಲಾಸ್ಕಿನಲ್ಲಿ ಕೋಶಗಳು ಅಗಲವಾಗಿ, ಚಪ್ಪಟೆಯಾಗಿ ಹರಡಿಕೊಂಡವು. ಬಣ್ಣ ಹಾಕಿದಾಗ ನೀಲಿಗಟ್ಟಿದವು, ಮುಪ್ಪಿನ ಗುರುತು. ಯು2ಒಎಸ್ ಎಂದಿನಂತೆ ತುಂಬಿಕೊಂಡಿದ್ದವು. ಸೂಕ್ಷ್ಮದರ್ಶಕದ ಮುಂದಿನಿಂದ ಏಳಲು ಮನಸ್ಸಾಗಲಿಲ್ಲ.

ರೋಗಿಗೆ ಇಷ್ಟು ಸಮಯ ಇರುತ್ತದೆಯೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. 2024ರ ಜೂನ್‌ನಲ್ಲಿ ಅಮೆರಿಕದಲ್ಲಿ ಮೊದಲ ಟೆಲೋಮರೇಸ್ ತಡೆಮದ್ದು ಇಮೆಟೆಲ್‌ಸ್ಟಾಟ್‌ಗೆ ಒಪ್ಪಿಗೆ ಸಿಕ್ಕಿದ್ದು ಗಡ್ಡೆ ಕ್ಯಾನ್ಸರ್‌ಗಲ್ಲ, ಮೂಳೆಮಜ್ಜೆಯಲ್ಲಿ ರಕ್ತಕಣಗಳು ಸರಿಯಾಗಿ ತಯಾರಾಗದೆ ಪದೇ ಪದೇ ರಕ್ತ ಹಾಕಿಸಿಕೊಳ್ಳಬೇಕಾದ ಮೈಲೋಡಿಸ್‌ಪ್ಲಾಸ್ಟಿಕ್ ರೋಗಿಗಳಿಗೆ. ಕನಿಷ್ಠ ಎಂಟು ವಾರ ರಕ್ತ ಬೇಡವಾದವರು ಮದ್ದಿನ ಗುಂಪಿನಲ್ಲಿ ಶೇ 39.8, ಬರಿ ದ್ರಾವಣ ಪಡೆದವರಲ್ಲಿ ಶೇ 15. ಬಿಳಿರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಕುಸಿಯುವುದು ಅದರ ದೊಡ್ಡ ತೊಂದರೆ.

ಈಗ ಹೊಸ ಕೋಶಗಳು ಬಂದರೆ ಮೊದಲು ಟೆಲೋಮಿಯರ್ ಉದ್ದ ಅಳೆದು ಫ್ಲಾಸ್ಕಿನ ಮೇಲೆ ಬರೆಯುತ್ತೇನೆ. ಮದ್ದು ಆಮೇಲೆ.