ಮೂರೇ ಜನ ಇರುವ ಸಾಲು: ಕಾಸರಗೋಡಿನ ಮನೆಮಾತಿನ ಕೋಷ್ಟಕ ಹೊರಗೆ ಕೊಡುವ ಮುನ್ನ

ಕಾಸರಗೋಡಿನ ಮನೆಮಾತುಗಳ ಮೇಲೆ ಸಂಶೋಧನೆಗೆ ಕೂತಾಗ ನಾನು ಮೊದಲು ಇಳಿಸಿಕೊಳ್ಳುವುದು ಜನಗಣತಿಯ ಸಿ-16 ಕೋಷ್ಟಕ. ಮಾತೃಭಾಷೆಯ ಲೆಕ್ಕ ಅದರಲ್ಲಿ ತಾಲೂಕಿನ ತನಕ ಸಿಗುತ್ತದೆ. ಆದರೆ 2011ರ ಕಡತದಲ್ಲಿ ಮಂಜೇಶ್ವರ ತಾಲೂಕು ಇಲ್ಲ. ಆಗ ಇದ್ದದ್ದು ಕಾಸರಗೋಡು, ಹೊಸದುರ್ಗ ಎರಡೇ. ಮಂಜೇಶ್ವರವೂ ವೆಳ್ಳರಿಕುಂಡೂ ಆದದ್ದು 2014ರಲ್ಲಿ. ಹಿಂದಕ್ಕೆ ಹೋದಷ್ಟೂ ತೊಡಕು ಹೆಚ್ಚು: 1951ರ ಅಂಕಿ ಮದರಾಸು ರಾಜ್ಯದ ದಕ್ಷಿಣ ಕನ್ನಡದೊಳಗೆ, 1961ರಿಂದ 1981ರ ತನಕದ್ದು ಕಣ್ಣೂರು ಜಿಲ್ಲೆಯೊಳಗೆ. ಹಾಗಾಗಿ ಯಾವ ಗ್ರಾಮ ಯಾವ ವರ್ಷ ಯಾವ ತಾಲೂಕಿನಲ್ಲಿತ್ತು ಎಂಬ ಪಟ್ಟಿ ಮೊದಲು ತಯಾರಾಗಬೇಕು.

ಈ ಪಟ್ಟಿಯನ್ನು ಹೆಸರು ನೋಡಿ ಜೋಡಿಸಲು ಹೋಗಬೇಡಿ. ಕುಂಬಳೆ, ಬದಿಯಡ್ಕ, ಎಣ್ಮಕಜೆ ಕನ್ನಡದಲ್ಲಿ ಒಂದು ಥರ, ಮಲಯಾಳದಲ್ಲಿ ಇನ್ನೊಂದು, ಇಂಗ್ಲಿಷಿನಲ್ಲಿ ವರ್ಷಕ್ಕೊಂದು ಥರ. ಗಣತಿ ಕೊಟ್ಟ ಕೋಡ್ ಹಿಡಿಯಿರಿ: 2011ರಲ್ಲಿ ಕೇರಳ 32, ಕಾಸರಗೋಡು 588. ತಾಲೂಕಿನ ಕೋಡ್ ಐದಂಕಿಯದ್ದು, ಸೊನ್ನೆಯಿಂದ ಶುರು. ಎಕ್ಸೆಲ್‌ನಲ್ಲಿ ಸುಮ್ಮನೆ ತೆರೆದರೆ ಆ ಸೊನ್ನೆ ಉದುರಿ, ಆಮೇಲೆ ಒಂದೂ ಹೊಂದುವುದಿಲ್ಲ. ಆ ಕಾಲಮ್ಮನ್ನು ಟೆಕ್ಸ್ಟ್ ಎಂದೇ ಆಮದು ಮಾಡಿಕೊಳ್ಳಬೇಕು. 2001ರಲ್ಲಿದ್ದ ಗ್ರಾಮ 2011ರ ಗ್ರಾಮಗಳ ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ, ಹೆಚ್ಚಿನ ಸಲ ಅದು ಸೆನ್ಸಸ್ ಟೌನ್ (ಪಂಚಾಯತ್ ಆಡಳಿತದಲ್ಲೇ ಇದ್ದರೂ ಗಣತಿ ಪಟ್ಟಣವೆಂದು ಎಣಿಸುವ ಊರು) ಆಗಿರುತ್ತದೆ. ಕೇರಳದಲ್ಲಿ ಅವು 99ರಿಂದ 461ಕ್ಕೆ ಏರಿದ್ದು ಆ ಹತ್ತು ವರ್ಷದಲ್ಲಿ.

ಪ್ರಶ್ನೆ ಏನು ಕೇಳುತ್ತದೆ ಎಂಬುದೂ ಮುಖ್ಯ. ಗಣತಿಯ ಪ್ರಕಾರ ಮಾತೃಭಾಷೆ ಎಂದರೆ ಎಳವೆಯಲ್ಲಿ ತಾಯಿ ಆಡಿದ ಮಾತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಇರುವವರು ತುಳುವಿನ ಲೆಕ್ಕಕ್ಕೇ ಹೋಗುತ್ತಾರೆ. ಸಿ-16ರ ಕನ್ನಡದ ಸಾಲನ್ನು ಕನ್ನಡ ಓದುವವರ ಸಂಖ್ಯೆ ಎಂದು ಬರೆದರೆ ಪ್ರಬಂಧ ಅಲ್ಲೇ ತಪ್ಪುತ್ತದೆ.

ಗ್ರಾಮದ, ವಾರ್ಡಿನ ಮಟ್ಟದ ಲೆಕ್ಕ ಬೇಕಿದ್ದರೆ ನಾವೇ ಮನೆಮನೆ ಸರ್ವೆ ಮಾಡಬೇಕು. ಜವಾಬ್ದಾರಿ ಶುರುವಾಗುವುದು ಇಲ್ಲಿಂದ. ಒಬ್ಬೊಬ್ಬರು ಗಣತಿಗೆ ಕೊಟ್ಟ ಮಾಹಿತಿಯನ್ನು 1948ರ ಜನಗಣತಿ ಕಾಯ್ದೆಯ 15ನೇ ಕಲಂ ಕಾಯುತ್ತದೆ. ಅದನ್ನು ಯಾರೂ ತೆರೆದು ನೋಡುವಂತಿಲ್ಲ, ಆ ಕಾಯ್ದೆಯಡಿಯ ಅಪರಾಧದ ಮೊಕದ್ದಮೆ ಬಿಟ್ಟರೆ ಕೋರ್ಟಿನಲ್ಲಿ ಸಾಕ್ಷ್ಯವಾಗಿಯೂ ಬಳಸುವಂತಿಲ್ಲ. ನಮ್ಮ ಸರ್ವೆಯ ನೋಟ್‌ಬುಕ್ಕಿಗೆ ಆ ಕಾಯ್ದೆಯ ರಕ್ಷಣೆ ಇಲ್ಲ.

ಆದ್ದರಿಂದ ಹೆಸರು, ಫೋನ್ ನಂಬರ್ ಒಂದು ಹಾಳೆ. ಉತ್ತರಗಳು ಇನ್ನೊಂದು ಹಾಳೆ. ನಡುವೆ ಚೀಟಿ ಎತ್ತಿದ ಹಾಗೆ ಕೊಟ್ಟ ಒಂದು ಸಂಖ್ಯೆ ಮಾತ್ರ. ಮನೆ ನಂಬರನ್ನೋ ರೇಷನ್ ಕಾರ್ಡಿನ ಕೊನೆಯ ಅಂಕಿಗಳನ್ನೋ ಆ ಜಾಗಕ್ಕೆ ಹಾಕಬಾರದು. ನಮ್ಮಲ್ಲಿ ಮನೆಯ ಹೆಸರೂ ಗುರುತೇ. ಇಂಥ ಗುತ್ತು, ಇಂಥ ಮೂಲೆ, ಇಂಥ ಬೈಲು ಎಂದರೆ ಸಾಕು, ಊರವರಿಗೆ ಯಾರೆಂದು ಗೊತ್ತಾಗುತ್ತದೆ. ಜಿಪಿಎಸ್‌ನಲ್ಲಿ ದಶಮಾಂಶದ ನಂತರ ಮೂರಂಕಿ ಉಳಿಸಿದರೆ ಸುಮಾರು 110 ಮೀಟರಿನ ನಿಖರತೆ. ಪೇಟೆಯಲ್ಲಿ ಅಷ್ಟರೊಳಗೆ ಹತ್ತಾರು ಮನೆ ಇರಬಹುದು, ಅಡಿಕೆ ತೋಟದ ನಡುವೆ ಇರುವುದು ಒಂದೇ. ನಾನು ಎರಡಂಕಿಗೆ, ಅಂದರೆ ಸುಮಾರು 1.1 ಕಿ.ಮೀ.ಗೆ ಇಳಿಸುತ್ತೇನೆ. ವಯಸ್ಸನ್ನು ಐದೈದು ವರ್ಷದ ಗುಂಪಿಗೆ ಹಾಕಿ, 80 ದಾಟಿದವರನ್ನೆಲ್ಲ ಒಟ್ಟಿಗೆ ಸೇರಿಸುತ್ತೇನೆ. ಎಣ್ಮಕಜೆಯಂಥ ಎಂಡೋಸಲ್ಫಾನ್ ಪೀಡಿತ ಪಂಚಾಯತ್‌ಗಳಲ್ಲಿ ಕಾಯಿಲೆಯ ಕಾಲಮ್ಮನ್ನೂ ಮನೆಮಾತಿನ ಕಾಲಮ್ಮನ್ನೂ ಒಂದೇ ಕೋಷ್ಟಕದಲ್ಲಿ ತರುವುದೇ ಇಲ್ಲ. ಅಲ್ಲಿ ಒಂದು ಮಗುವಿನ ವಯಸ್ಸು ಸಾಕು, ಮನೆ ಹುಡುಕಲು.

ಇನ್ನು ಕೋಷ್ಟಕ. ಉದಾಹರಣೆಗೆಂದು ಒಂದು ವಾರ್ಡು ಕಲ್ಪಿಸಿಕೊಳ್ಳಿ: ತುಳು 203, ಕನ್ನಡ 118, ಮಲಯಾಳ 76, ಮರಾಠಿ 12, ಕೊರಗ (ಕೊರಗ ಬುಡಕಟ್ಟಿನವರ ಮಾತು) 3, ಒಟ್ಟು 412. ಇಷ್ಟು ಕಡಿಮೆ ಜನ ಯಾರೆಂದು ಊರವರಿಗೆ ಸುಲಭದಲ್ಲಿ ಗೊತ್ತಾಗುವುದರಿಂದ, ಐದಕ್ಕಿಂತ ಕಡಿಮೆ ಇದ್ದರೆ ಮುಚ್ಚು ಎಂಬ ನಿಯಮದಂತೆ 3ರ ಜಾಗಕ್ಕೆ ಚುಕ್ಕಿ ಇಟ್ಟಿರಿ. 412ರಿಂದ ಉಳಿದ ನಾಲ್ಕನ್ನು ಕಳೆದರೆ ಆ 3 ಮತ್ತೆ ಎದ್ದು ಬರುತ್ತದೆ. ಹಾಗಾಗಿ ಮರಾಠಿಯ 12ನ್ನೂ ಮುಚ್ಚಬೇಕು. ಆಗ ಹೊರಗಿನವರಿಗೆ ಸಿಗುವುದು ಎರಡೂ ಸೇರಿ 15 ಎಂಬುದಷ್ಟೇ. ಸೋರಿಕೆ ಎರಡು ಕೋಷ್ಟಕಗಳ ನಡುವೆಯೂ ಆಗುತ್ತದೆ. ಇಡೀ ಪಂಚಾಯತ್‌ನದ್ದು ಒಂದು, ಒಂದು ವಾರ್ಡು ಬಿಟ್ಟು ಉಳಿದದ್ದು ಇನ್ನೊಂದು ಕೊಟ್ಟರೆ, ಬಿಟ್ಟ ವಾರ್ಡಿನ ಲೆಕ್ಕವನ್ನೂ ಕೊಟ್ಟಂತೆಯೇ. ಹೊರಗೆ ಹೋದ ಪ್ರತಿ ಕೋಷ್ಟಕವನ್ನೂ ಅದಕ್ಕಾಗಿಯೇ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ, ಹೊಸದು ಕೊಡುವ ಮುಂಚೆ ಹಳೆಯದರಿಂದ ಕಳೆದು ನೋಡುತ್ತೇನೆ.

ಅಮೆರಿಕದ 2020ರ ಗಣತಿಯಲ್ಲಿ ಬಳಸಿದ ಡಿಫರೆನ್ಶಿಯಲ್ ಪ್ರೈವಸಿಯನ್ನು ಇಲ್ಲಿಗೂ ತರಬಹುದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಪ್ರತಿ ಸಂಖ್ಯೆಗೂ ಲೆಕ್ಕವಿಟ್ಟು ಒಂದಿಷ್ಟು ಏರಿಳಿತ ಬೆರೆಸುವ ವಿಧಾನ ಅದು. ಏರಿಳಿತ ಆರಿಸುವ ಒಂದು ಬಗೆಯಾದ ಲಾಪ್ಲಾಸ್ ವಿಧಾನದಲ್ಲಿ ಎಪ್ಸಿಲಾನ್ (ಗುಟ್ಟು ಎಷ್ಟು ಬಿಗಿ ಎಂಬುದರ ಅಳತೆ, ಅದು ಕಡಿಮೆಯಾದಷ್ಟೂ ಏರಿಳಿತ ಹೆಚ್ಚು) 0.5 ಇಟ್ಟರೆ ನೂರಕ್ಕೆ 95 ಸಲ ಏರಿಳಿತ 6ರೊಳಗೆ ಇರುತ್ತದೆ. ತುಳುವಿನ 203ಕ್ಕೆ ಅದು ಶೇ. 3, ಕೊರಗರ 3ಕ್ಕೆ ಸಂಖ್ಯೆಯೇ ಅಳಿಸಿಹೋದಂತೆ. ಇನ್ನೊಂದು ಮಾತು ಹೆಚ್ಚಿನವರು ಮರೆಯುತ್ತಾರೆ: ಮನೆಮಾತು ಒಬ್ಬರದ್ದಲ್ಲ, ಮನೆಯದ್ದು. ಆರು ಜನರ ಮನೆಯನ್ನು ಕಾಯಬೇಕಾದರೆ ಏರಿಳಿತವೂ ಆರು ಪಟ್ಟು ಆಗಬೇಕು. ಹೀಗಾಗಿ ಜನರ ಬದಲು ಮನೆಗಳನ್ನೇ ಎಣಿಸುವುದು ನನಗೆ ಹೆಚ್ಚು ಸರಿ ಕಂಡಿದೆ, ಎರಡು ಮಾತಿನ ಮನೆಗಳಿಗೆ ಬೇರೆಯೇ ಸಾಲು ಕೊಟ್ಟು. ಏರಿಳಿತದಿಂದ ಮೈನಸ್ 2 ಬಂದರೆ ಅದನ್ನು ಸೊನ್ನೆ ಮಾಡಬೇಡಿ. ಹಾಗೆ ಮಾಡುತ್ತಾ ಹೋದರೆ ಒಟ್ಟು ಮೊತ್ತ ಉಬ್ಬುತ್ತದೆ.

ಮುಚ್ಚುವುದರಲ್ಲೂ ಅನ್ಯಾಯವಿದೆ. ದೇಶದಲ್ಲಿ 10,000ಕ್ಕಿಂತ ಕಡಿಮೆ ಜನರ ಮಾತೃಭಾಷೆಯನ್ನು ಗಣತಿಯೇ ‘ಇತರ’ಕ್ಕೆ ಸೇರಿಸುತ್ತದೆ. ಅದರ ಮೇಲೆ ನಾವೂ ವಾರ್ಡು ವಾರ್ಡಿನಲ್ಲಿ ಅಳಿಸುತ್ತಾ ಬಂದರೆ ಕೊರಗರಂಥ ಸಮುದಾಯ ಯಾವ ಕಾಗದದಲ್ಲೂ ಉಳಿಯುವುದಿಲ್ಲ. ವಾರ್ಡಿನ ಕೋಷ್ಟಕದಲ್ಲಿ ‘ಇತರ 15’ ಎಂದು ಬರೆದಾಗಲೆಲ್ಲ, ಅದೇ ಪುಟದ ಕೆಳಗೆ ಇಡೀ ತಾಲೂಕಿನ ಕೊರಗರ ಸಂಖ್ಯೆಯನ್ನು ಹೆಸರು ಹಿಡಿದೇ ಕೊಡುತ್ತೇನೆ. ತಾಲೂಕು ಮಟ್ಟದಲ್ಲೂ ಅದು ಐದು ದಾಟದಿದ್ದರೆ ಜಿಲ್ಲೆಯದ್ದು.