ಕಾರಿನ ಕಂಟ್ರೋಲ್ ಮಾಡ್ಯೂಲ್‌ಗಳು ಎಲ್ಲಿವೆ? ಮಳೆಗೆ ಮುಂಚೆ ನೋಡಿಡಿ

ವೈಪರ್ ತಂತಾನೇ ಓಡುತ್ತದೆ, ಸೆಂಟ್ರಲ್ ಲಾಕ್ ಮಾತು ಕೇಳುವುದಿಲ್ಲ. ಕಾರವಾರ, ಕುಮಟಾ ಕಡೆಯ ಮಳೆಯಲ್ಲಿ ಇಂಥ ಕಾಟ ಶುರುವಾದರೆ ಮೊದಲು ಅನುಮಾನ ಪಡಬೇಕಾದದ್ದು ನೀರು ತಾಗಿದ ಕಂಟ್ರೋಲ್ ಮಾಡ್ಯೂಲ್ ಮೇಲೆ, ಅಂದರೆ ಕಾರಿನ ಒಂದೊಂದು ಕೆಲಸ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರ್ ಪೆಟ್ಟಿಗೆಗಳ ಮೇಲೆ. ಅವು ಎಲ್ಲಿವೆ ಅಂತ ಮೇ ತಿಂಗಳಲ್ಲೇ ನೋಡಿಟ್ಟುಕೊಳ್ಳಿ. ಟಾರ್ಚ್, ಮೊಬೈಲ್ ಇದ್ದರೆ ಸಾಕು. ಕೀ ತೆಗೆದಿಡಿ.

ಮೊದಲು ಬಾನೆಟ್ ಎತ್ತಿ. ಡಬ್ಬಿ ಹುಡುಕಬೇಡಿ, ಎಲ್ಲಕ್ಕಿಂತ ದಪ್ಪನೆಯ ವೈರಿಂಗ್ ಕಟ್ಟು ಎಲ್ಲಿಗೆ ಹೋಗುತ್ತದೆ ನೋಡಿ. ಅದರ ಕೊನೆಯಲ್ಲಿ, ಸಾಮಾನ್ಯವಾಗಿ ಬ್ಯಾಟರಿ ಪಕ್ಕ, ದೊಡ್ಡ ಕಪ್ಲರ್ (ವೈರು ಜೋಡಿಸುವ ಪ್ಲಗ್) ಸಿಕ್ಕಿಸಿದ ಚಪ್ಪಟೆ ಅಲ್ಯೂಮಿನಿಯಂ ಪೆಟ್ಟಿಗೆ ಇದ್ದರೆ ಅದೇ ಇಂಜಿನ್ ನಡೆಸುವ ಮಾಡ್ಯೂಲ್, ಇಸಿಎಂ. ಕಾಣಲಿಲ್ವಾ? ಕೆಲವು ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಮಾಡ್ಯೂಲಿನ ಗುರುತು ಸುಲಭ: ಸಣ್ಣ ಲೋಹದ ಬ್ರೇಕ್ ಪೈಪುಗಳೆಲ್ಲ ಬಂದು ಸೇರುವ ಬ್ಲಾಕಿಗೆ ಅಂಟಿಕೊಂಡ ಕಪ್ಪು ಪ್ಲಾಸ್ಟಿಕ್ ಭಾಗ. ಅದನ್ನು ಬಿಚ್ಚಲು ಹೋಗಬೇಡಿ.

ಇನ್ನು ಒಳಗೆ. ನಮ್ಮ ಕಡೆ ಜಾಸ್ತಿ ಗಮನ ಬೇಕಾದದ್ದು ಬಿಸಿಎಂಗೆ, ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್‌ಗೆ. ದೀಪ, ವೈಪರ್, ಲಾಕ್ ಎಲ್ಲ ಇದರ ಕೈಯಲ್ಲಿ. ಹೆಚ್ಚಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಅಡಿಗೆ, ಫ್ಯೂಸ್ ಬಾಕ್ಸ್ ಹಿಂದೆ ಅಥವಾ ಅದಕ್ಕೇ ಸೇರಿಕೊಂಡು ಇರುತ್ತದೆ. ಅಲ್ಲೇ ಹತ್ತಿರ ಕಾಣುವ 16 ಪಿನ್ನಿನ ಸಾಕೆಟ್ ಮಾಡ್ಯೂಲ್ ಅಲ್ಲ, ಗ್ಯಾರೇಜಿನವರು ದೋಷ ಓದಲು ಸ್ಕ್ಯಾನರ್ ಹಾಕುವ ಜಾಗ. ಪೆಡಲ್ ಹತ್ತಿರ ತಲೆ ತೂರಿಸಿ ಟಾರ್ಚ್ ಬಿಡಿ. ಕಪ್ಲರ್ ಸುತ್ತ ನೀರಿಳಿದ ಕಲೆ ಇದೆಯೇ? ಕಾರ್ಪೆಟ್ ಎತ್ತಿ ಅಡಿಯ ಫೋಮ್ ಹಿಂಡಿ ನೋಡಿ, ಮೇಲೆ ಒಣಗಿದ್ದರೂ ಕೆಳಗೆ ಒದ್ದೆ ಇರಬಹುದು. ಶಿರಸಿಯಲ್ಲಿ ಮರದ ಕೆಳಗೆ ಕಾರು ನಿಲ್ಲಿಸುವವರು ವೈಪರ್ ಬುಡದ ಎಲೆಕಸವನ್ನೂ ತೆಗೆಯಬೇಕು. ಅಲ್ಲಿನ ತೂತು ಕಟ್ಟಿಕೊಂಡರೆ ನೀರು ಕ್ಯಾಬಿನ್ನಿಗೇ ಇಳಿಯಬಹುದು. ಪಿನ್ ಮೇಲೆ ಹಸಿರು ಪುಡಿ ಕಟ್ಟಿದ್ದರೆ ಅದು ತುಕ್ಕು. ಕಪ್ಲರ್ ಕೀಳುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಲೇಬೇಕು.

ಏರ್‌ಬ್ಯಾಗ್ ಮಾಡ್ಯೂಲ್ ಸಾಮಾನ್ಯವಾಗಿ ಗೇರ್ ಲಿವರ್ ಆಸುಪಾಸು, ಕನ್ಸೋಲ್ ಅಡಿಯ ನೆಲದ ಮೇಲಿರುತ್ತದೆ. ಹಳದಿ ಕಪ್ಲರ್ ಕಂಡಿತೋ, ಕೈ ಹಿಂದೆ ತೆಗೆಯಿರಿ. ಅದು ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ. ಪವರ್ ಸ್ಟೀರಿಂಗ್ ಮಾಡ್ಯೂಲ್ ಎಷ್ಟೋ ಕಾರುಗಳಲ್ಲಿ ಸ್ಟೀರಿಂಗ್ ಕಾಲಮ್‌ಗೇ ಅಂಟಿರುತ್ತದೆ.

ಸಿಕ್ಕ ಪ್ರತಿ ಮಾಡ್ಯೂಲಿನ ಸ್ಟಿಕರ್ ಫೋಟೋ ತೆಗೆದಿಡಿ, ಪಾರ್ಟ್ ನಂಬರ್ ಅದರಲ್ಲೇ ಇರುತ್ತದೆ. ಆದರೆ ಗುಜರಿಯಲ್ಲಿ ಅದೇ ನಂಬರಿನ ಇಸಿಎಂ ಅಗ್ಗಕ್ಕೆ ಸಿಕ್ಕಿತು ಅಂತ ಸುಮ್ನೆ ತರಬೇಡಿ. ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗಲು ಬಿಡದ ಕಳ್ಳತನ ತಡೆ) ಇರುವ ಕಾರಿಗೆ ಅದನ್ನು ನಿಮ್ಮ ಕೀ ಜೊತೆ ಹೊಂದಿಸದಿದ್ದರೆ ಇಂಜಿನ್ ಸ್ಟಾರ್ಟೇ ಆಗುವುದಿಲ್ಲ.