ಕತ್ತರಿಸದೆ ಉಳಿಸಿಕೊಂಡ ಸದ್ದುಗಳು

ಸಮುದಾಯ ಬಾನುಲಿಗಾಗಿ ನಾನು ಮಾಡಿದ ಮೊದಲ ಧ್ವನಿಮುದ್ರಣವೇ ಹಾಳಾಯಿತು. ನಮ್ಮ ಜಮಾತಿನ, ಅಂದರೆ ಲಿಂಗತ್ವ ಅಲ್ಪಸಂಖ್ಯಾತರಾದ ನಾವು ಕಟ್ಟಿಕೊಂಡ ಬಳಗದ, ಹಿರಿಯರೊಬ್ಬರು ಮಾತಿನ ಭರದಲ್ಲಿ ಅಂಗೈಗಳನ್ನು ಅಡ್ಡಡ್ಡ ಹಿಡಿದು ಒಂದು ಚಪ್ಪಾಳೆ ತಟ್ಟಿದರು. ಧ್ವನಿಯ ಮಟ್ಟ ತೋರಿಸುವ ಗೆರೆ ಕೆಂಪಿಗೆ ಜಿಗಿಯಿತು, ಮುಂದಿನ ಅರ್ಧ ವಾಕ್ಯ ಒಡೆದುಹೋಯಿತು. ಸಂಕಲನಕ್ಕೆ ಕೂತಿದ್ದ ಹುಡುಗ, "ಅಕ್ಕಾ, ಚಪ್ಪಾಳೆ ತೆಗೆದುಬಿಡುತ್ತೇನೆ, ಕೇಳುವವರಿಗೆ ಕಿರಿಕಿರಿ" ಎಂದ.

ಬೇಡ ಎಂದೆ. ಸಿಗ್ನಲ್‌ನಲ್ಲಿ ಆ ಸದ್ದು ಕೇಳಿದರೆ ಜನ ಕಾರಿನ ಗಾಜು ಏರಿಸುತ್ತಾರೆ, ನಿಜ. ಆದರೆ ಮನೆಯೊಳಗೆ ನಾವು ಕರೆಯುವುದು, ಜಗಳವಾಡುವುದು, ಹಾಸ್ಯಕ್ಕೆ ತಾಳ ಹಾಕುವುದು ಎಲ್ಲವೂ ಅದರಿಂದಲೇ. ಮರುದಿನ ಮೈಕನ್ನು ಅವರ ಎದುರಿನಿಂದ ಒಂದು ಗೇಣು ಪಕ್ಕಕ್ಕೆ ಸರಿಸಿ, ಮಟ್ಟ ಇಳಿಸಿ, ಗೋಡೆಗೆ ಹಾಸಿಗೆ ಒರಗಿಸಿ ಮತ್ತೆ ಮುದ್ರಿಸಿದೆ. ಈ ಸಲ ಚಪ್ಪಾಳೆ ದುಂಡಗೆ, ಬೆಚ್ಚಗೆ ಕೇಳಿಸಿತು.

ಈ ಕೆಲಸಕ್ಕೆ ನಾನು ಬಂದದ್ದು ಸಿಟ್ಟಿನಿಂದ. ಒಮ್ಮೆ ಟಿವಿಯವರು ನನ್ನ ಬಾಡಿಗೆ ಮನೆಗೆ ಬಂದಿದ್ದರು. ಅಡುಗೆ ಮಾಡುತ್ತಿದ್ದವಳನ್ನು ಎಬ್ಬಿಸಿ ಕನ್ನಡಿಯ ಮುಂದೆ ಕೂರಿಸಿದರು, ತುಟಿಗೆ ಬಣ್ಣ ಹಚ್ಚಿಕೊಳ್ಳುವುದನ್ನು ಮೂರು ಸಲ ಚಿತ್ರಿಸಿಕೊಂಡರು. ಪ್ರಸಾರದಲ್ಲಿ ಅದಕ್ಕೊಂದು ಅಳುವ ಕೊಳಲು. ನಾನು ಅರ್ಧ ಗಂಟೆ ಆಡಿದ ಮಾತಿನಲ್ಲಿ ಉಳಿದದ್ದು ಶಸ್ತ್ರಚಿಕಿತ್ಸೆಯ ಬಗೆಗಿನ ಎರಡು ವಾಕ್ಯ. ಮುಂದಿನ ತಿಂಗಳು ಮನೆಯ ಮಾಲೀಕರು ಮನೆ ಖಾಲಿ ಮಾಡಿ ಎಂದರು.

ಹಾಗಾಗಿ ನನ್ನ ಮೊದಲ ಕಟ್ಟಳೆ: ದೇಹದ ಬಗ್ಗೆ, ಬಾಲ್ಯದ ಬಗ್ಗೆ ನಾನಾಗಿ ಕೇಳುವುದಿಲ್ಲ. "ಇವತ್ತು ಬೆಳಿಗ್ಗೆ ಎದ್ದು ಏನು ಮಾಡಿದಿರಿ?" ಎಂದು ಶುರು ಮಾಡುತ್ತೇನೆ. ಪೆದ್ದು ಪ್ರಶ್ನೆಯಂತೆ ಕಾಣುತ್ತದೆ. ಆದರೆ ಅದರ ಬಾಲ ಹಿಡಿದು ನೀರಿನ ಸರದಿಯ ಜಗಳ, ಪಡಿತರ ಅಂಗಡಿ, ಆಧಾರ್‌ನಲ್ಲಿ ಉಳಿದುಹೋದ ಹಳೆಯ ಹೆಸರು ಎಲ್ಲವೂ ಬರುತ್ತವೆ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ 2019ರ ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರದ ಬಗ್ಗೆ ನಾನು ಓದಿ ಹೇಳಿದ ಕಂತನ್ನು ಯಾರೂ ಕೇಳಲಿಲ್ಲ. ಅದೇ ಪತ್ರಕ್ಕಾಗಿ ಕಚೇರಿಯ ಬೆಂಚಿನ ಮೇಲೆ ಕಾದ ದಿನವನ್ನು ಒಬ್ಬಳು ಟಿಫಿನ್ ಡಬ್ಬಿಯ ಚಿತ್ರಾನ್ನದ ಸಮೇತ ಹೇಳಿದಾಗ ಫೋನ್ ಬಿಡುವಿಲ್ಲದೆ ರಿಂಗಣಿಸಿತು.

2021ರ ನವೆಂಬರ್‌ನಲ್ಲಿ ನಮ್ಮಂತೆಯೇ ಲಿಂಗತ್ವ ಅಲ್ಪಸಂಖ್ಯಾತರಾದ ಜಾನಪದ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ಪಡೆಯುವ ಮುನ್ನ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರಲ್ಲ, ಅದರ ನಂತರ ಕೇಳುಗರ ಧಾಟಿಯೇ ಬದಲಾಯಿತು. ಜೋಗತಿಯರು ಚೌಡಿಕೆ ವಾದ್ಯ ನುಡಿಸುತ್ತಾ ಹಾಡುವ ಚೌಡಿಕೆ ಪದ ಹಾಕಿ ಎಂಬ ಬೇಡಿಕೆ ಬಂತು. ಸಂತೋಷವೇ. ಆದರೆ ಇನ್ನೊಂದು ತಲೆನೋವೂ ಹತ್ತಿತು: ಪ್ರತಿಯೊಬ್ಬರ ಕಥೆಯೂ ಪ್ರಶಸ್ತಿಯಲ್ಲೇ ಮುಗಿಯಬೇಕೆಂಬ ನಿರೀಕ್ಷೆ. ಹಾಡಲು ಬಾರದವಳಿಗೂ ಬಾಡಿಗೆ ಮನೆ ಬೇಕಲ್ಲ.

ಬಾನುಲಿಯಲ್ಲಿ ಮುಖ ಕಾಣುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂದು ನಾನು ನಂಬಿದ್ದೆ. ದೊಡ್ಡ ತಪ್ಪು. ಸಮುದಾಯ ಬಾನುಲಿಯ ಅಲೆ ಹತ್ತು ಹದಿನೈದು ಕಿಲೋಮೀಟರ್ ಆಚೆ ಹೋಗುವುದಿಲ್ಲ. ಆ ವ್ಯಾಪ್ತಿಯೊಳಗೆ ಅಣ್ಣನಿರುತ್ತಾನೆ, ಶಾಲೆಯ ಮೇಷ್ಟ್ರಿರುತ್ತಾರೆ, ಕೆಲಸ ಕೊಟ್ಟವರೂ ಇರುತ್ತಾರೆ. ಹೆಸರು ಬದಲಿಸಿದರೂ ಧ್ವನಿ ಗುರುತು ಸಿಗುತ್ತದೆ. ಹಾಸ್ಟೆಲ್ ಅಡುಗೆ ಕೆಲಸದ ಒಬ್ಬಳು ಪ್ರಸಾರಕ್ಕೆ ಎರಡು ದಿನ ಮೊದಲು ಬಂದು, "ಅಕ್ಕಾ, ನನ್ನದು ಬೇಡ" ಎಂದಳು. ಯಾಕೆ ಎಂದು ಕೇಳಲಿಲ್ಲ. ಅವಳ ಕೈಯಲ್ಲೇ ಕಡತ ಅಳಿಸಿಸಿ, ಆ ಹೊತ್ತಿಗೆ ಹಳೆಯ ಕಂತು ಹಾಕಿದೆವು. ಅಂದಿನಿಂದ ಪ್ರತಿಯೊಬ್ಬರಿಗೂ ಹೆಡ್‌ಫೋನ್ ಕೊಟ್ಟು ಪೂರ್ತಿ ಕೇಳಿಸುತ್ತೇನೆ. ಸಹಿ ಹಾಕಿಸಿಕೊಳ್ಳುವ ಕಾಗದಕ್ಕಿಂತ ಇದರಲ್ಲಿ ನನಗೆ ಹೆಚ್ಚು ನಂಬಿಕೆ.

ಕಳೆದ ವರ್ಷ ಒಬ್ಬ ತಾಯಿಯನ್ನು ಮಾತಾಡಿಸಿದೆ. ಮಗಳೇ ಕರೆತಂದಿದ್ದಳು. ಇಂಗ್ಲಿಷ್‌ನಲ್ಲಿ ಕ್ರಿಯಾಪದ ಹೆಣ್ಣು ಗಂಡು ನೋಡುವುದಿಲ್ಲ. ನಮ್ಮ ಭಾಷೆಯಲ್ಲಿ ಹಾಗಲ್ಲವಲ್ಲ, ಮಾತಿನ ಕೊನೆಗೆ ಬಂದವರು ನಿಂತು ಯೋಚಿಸಬೇಕು. ಆ ಅವ್ವ ಹೇಳುತ್ತಿದ್ದರು: "ಹಬ್ಬದ ಹಿಂದಿನ ದಿನ ರಾತ್ರಿ ಬಾಗಿಲು ಬಡಿದ ಸದ್ದಾಯಿತು. ತೆಗೆದೆ. ಬಂದ..." ಅಲ್ಲಿ ನಿಂತರು. ಫ್ಯಾನಿನ ಕಿರ್ ಕಿರ್ ಮಾತ್ರ. "ಬಂದಳು" ಎಂದರು. ಆಮೇಲೆ ತಾವೇ ನಕ್ಕು, "ಬಂದರು ಅಂತ ಹಾಕಿಕೊಳ್ಳಿ, ಯಾರಿಗೂ ತೊಂದರೆ ಇಲ್ಲ" ಎಂದರು.

ಸಂಕಲನದ ಹುಡುಗ ಆಗಲೇ ಆ ತಡವರಿಕೆಗೆ ಗುರುತು ಹಾಕಿದ್ದ. ಮೊದಲ "ಬಂದ" ತೆಗೆದರೆ ವಾಕ್ಯ ಚೊಕ್ಕವಾಗುತ್ತಿತ್ತು. ಇಂಥ ಪ್ರಮಾದವನ್ನು ತಿದ್ದುವುದೇ ಮರ್ಯಾದೆ ಎಂದು ನನಗೂ ಒಂದು ಕ್ಷಣ ಅನಿಸಿತು. ಮಗಳು ಹೆಡ್‌ಫೋನ್ ಒತ್ತಿ ಹಿಡಿದು ಮೂರು ಸಲ ಕೇಳಿದಳು. "ಬಿಡಿ ಅಕ್ಕಾ. ಅಲ್ಲಿಂದ ಇಲ್ಲಿಗೆ ಬರಲು ಅವ್ವನಿಗೆ ಹನ್ನೊಂದು ವರ್ಷ ಹಿಡಿಯಿತು" ಎಂದಳು.

ಬಿಟ್ಟೆವು. ಹದಿನೈದು ನಿಮಿಷದ ಕಂತು ನಾಲ್ಕು ಸೆಕೆಂಡು ಹೆಚ್ಚಾಯಿತು. ಶೀರ್ಷಿಕೆ ಸಂಗೀತದ ನಾಲ್ಕು ಸೆಕೆಂಡು ಕತ್ತರಿಸಿದೆ.